ಡೇವಿಸ್ ಕಪ್ಪಿನ ಡೇವಿಸ್ 'ಹವ್ಯಾಸಿ'ಯೇ?

ಬಳಗದವರಿಗೆ ನಮಸ್ಕಾರ.

ಡ್ವೈಟ್ ಡೇವಿಸ್ ಕುರಿತು ಒಂದು ಪುಟ್ಟ ಪರಿಚಯ ಬರೆಯುತ್ತಿದ್ದೇನೆ; ಅವನ ಕಾಲದ 'ಅಮೆಚೂರ್' (amateur) ಆಟಗಾರನನ್ನು ಕನ್ನಡದಲ್ಲಿ ಏನೆನ್ನುವುದು ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಅಮೆರಿಕದ ಸೇಂಟ್ ಲೂಯಿಯ ಸಿರಿವಂತ ಮನೆತನದವನು, ಎಡಗೈ ಟೆನಿಸ್ ಆಟಗಾರ. ಹಾಲ್ಕಂಬ್ ವಾರ್ಡ್ ಜೊತೆಗೂಡಿ 1899ರಿಂದ 1901ರವರೆಗೆ ಸತತವಾಗಿ ಅಮೆರಿಕದ ಡಬಲ್ಸ್ ಗೆದ್ದ. 1900ರಲ್ಲಿ ಸುಮಾರು ಸಾವಿರ ಡಾಲರ್ ಕೈಯಿಂದಲೇ ಹಾಕಿ, ದೇಶ ದೇಶಗಳ ನಡುವಿನ ಟೆನಿಸ್ ಪಂದ್ಯಕ್ಕೆ ಬಹುಮಾನವಾಗಿ ಬೆಳ್ಳಿಯ ದೊಡ್ಡ ಬಟ್ಟಲೊಂದನ್ನು ಮಾಡಿಸಿದ; ಅದೇ ಡೇವಿಸ್ ಕಪ್. ಆ ಆಗಸ್ಟ್‌ನಲ್ಲೇ ಬಾಸ್ಟನ್‌ನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ತಾನೇ ನಾಯಕನಾಗಿ ಬ್ರಿಟಿಷರನ್ನು 3–0 ಅಂತರದಿಂದ ಸೋಲಿಸಿ, ತಾನಿಟ್ಟ ಬಹುಮಾನವನ್ನು ತಾನೇ ಮನೆಗೆ ತಂದ! ಮುಂದೆ 1925ರಲ್ಲಿ ಅಮೆರಿಕದ ಯುದ್ಧ ಸಚಿವನೂ ಆದನೆನ್ನಿ.

ಇವನನ್ನು 'ಹವ್ಯಾಸಿ ಟೆನಿಸ್ ಆಟಗಾರ' ಎಂದು ಬರೆದರೆ ಬಿಡುವಾದಾಗ ರ‍್ಯಾಕೆಟ್ ಹಿಡಿಯುತ್ತಿದ್ದವ ಅನ್ನಿಸುತ್ತದೆ. ಆಗಿನ 'ಅಮೆಚೂರ್'ಗೂ ಬಿಡುವಿಗೂ ಸಂಬಂಧವಿಲ್ಲ. ಆಟದಿಂದ ಕಾಸು ಮುಟ್ಟಬಾರದು, ಅಷ್ಟೇ ಕಟ್ಟಳೆ. ವಿಂಬಲ್ಡನ್‌ನಲ್ಲಿ ಅದು ಸಡಿಲವಾದದ್ದು 1968ರಲ್ಲಿ. ಡೇವಿಸ್‌ನಂಥವರಿಗೆ ಇದು ಕಷ್ಟವೇ ಅಲ್ಲ, ಮನೆಯಲ್ಲಿ ದುಡ್ಡಿತ್ತು. ಅಮೆರಿಕದ ಇನ್ನೊಬ್ಬ ಟೆನಿಸ್ ಆಟಗಾರ ಬಿಲ್ ಟಿಲ್ಡನ್‌ನನ್ನು ನೋಡಿ: 1928ರಲ್ಲಿ ವಿಂಬಲ್ಡನ್ ಕುರಿತು ದುಡ್ಡಿಗಾಗಿ ಪತ್ರಿಕೆಗೆ ಬರೆದದ್ದಕ್ಕೇ ಅವನನ್ನು ಅಮಾನತು ಮಾಡಿದ್ದರು. ಜಗತ್ತಿನ ಅಗ್ರ ಆಟಗಾರರಲ್ಲೊಬ್ಬನನ್ನು 'ಹವ್ಯಾಸಿ' ಅನ್ನಲು ಕೈ ಬರುವುದಿಲ್ಲ.

ನಮ್ಮಲ್ಲಿ ಈ ಪದ ಬೇರೂರಿರುವುದು ರಂಗಭೂಮಿಯಲ್ಲಿ, ಯಕ್ಷಗಾನದಲ್ಲಿ. ಕರಾವಳಿಯ ಹವ್ಯಾಸಿ ವೇಷಧಾರಿ ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಇರುತ್ತಾನೆ. ಆಟ ಮುಗಿದ ಮೇಲೆ ಕವರಿನಲ್ಲಿ ಗೌರವಧನ ಕೊಟ್ಟರೂ ಅವನು ಹವ್ಯಾಸಿಯೇ. ಮೇಳ ಸೇರಿ ತಿರುಗಾಟಕ್ಕೆ ಹೋಗುವವನು ಮಾತ್ರ ವೃತ್ತಿ ಕಲಾವಿದ. ಅಲ್ಲಿ ಹೊಟ್ಟೆಪಾಡು ಯಾವುದು ಎಂಬುದು ಲೆಕ್ಕ, ಆಗಿನ ಅಮೆಚೂರ್ ಟೆನಿಸ್‌ನಲ್ಲಿ ಒಂದು ಕವರೂ ನಿಷಿದ್ಧವಾಗಿತ್ತು. ಸಾಲದ್ದಕ್ಕೆ 'ಕೆಟ್ಟ ಹವ್ಯಾಸ' ಎಂಬ ಬಳಕೆ ಬೇರೆ ಕಾಲಿಗೆ ತೊಡರುತ್ತದೆ.

'ಅವೃತ್ತಿ ಆಟಗಾರ' ನಿಘಂಟಿನ ವಾಸನೆ ಹೊಡೆಯುತ್ತದೆ, 'ಸಂಭಾವನೆರಹಿತ' ಸರ್ಕಾರಿ ಆದೇಶದಂತಿದೆ. ನನ್ನ ಒಲವು 'ಅಮೆಚೂರ್' ಅನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ 'ಹಣ ಪಡೆಯದೆ ಆಡುವ' ಎಂದು ಬಿಡಿಸಿ ಹೇಳುವುದರತ್ತ.

ಎರಡು ಪ್ರಶ್ನೆ. 1968ಕ್ಕೆ ಮುಂಚಿನ ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇದಕ್ಕೆ ಯಾವ ಪದವಿತ್ತು? ಹಳೆಯ ಸಂಚಿಕೆ ಇಟ್ಟುಕೊಂಡವರು ನೋಡಿ ತಿಳಿಸಬಹುದೇ? ಇನ್ನೊಂದು, ಟಿಲ್ಡನ್ ಕಳೆದುಕೊಂಡದ್ದನ್ನು 'ಅಮೆಚೂರ್ ಸ್ಥಾನಮಾನ' ಎನ್ನಬೇಕೋ 'ಅಮೆಚೂರ್ ಅರ್ಹತೆ'ಯೋ? ನನಗೆ ಎರಡನೆಯದೇ ಸರಿ ಕಾಣುತ್ತದೆ.