ಅಜ್ಜಿಗೆ ‘ಬ್ರೇಕ್ ಎ ಲೆಗ್’ ಅಂದುಬಿಟ್ಟಳು ಮಗಳು, ಏನು ಮಾಡಲಿ?

ರಜಕ್ಕೆ ಸೋಮವಾರಪೇಟೆಗೆ ಬಂದಿದ್ದೇವೆ. ಮಗಳಿಗೆ ಒಂಬತ್ತು, ಬೆಳೆದದ್ದೆಲ್ಲ ಮ್ಯಾಂಚೆಸ್ಟರ್‌ನಲ್ಲಿ. ಮೊನ್ನೆ ನಮ್ಮತ್ತೆ ಮಹಿಳಾ ಸಮಾಜದಲ್ಲಿ ಹಾಡಲು ರೇಷ್ಮೆ ಸೀರೆ ಉಟ್ಟು ಮೆಟ್ಟಿಲು ಇಳಿಯುತ್ತಿದ್ದರು. ಇವಳು ಜಗಲಿಯಿಂದ ‘ಬ್ರೇಕ್ ಎ ಲೆಗ್, ಅಜ್ಜಿ!’ ಅಂತ ಕೂಗಿದಳು. ಭಾವನ ಮಗ ನಗುತ್ತಾ, ‘ಕಾಲು ಮುರ್ಕೊಳ್ಳಿ ಅಂತಿದ್ದಾಳೆ’ ಅಂದ. ಅತ್ತೆಗೆ ಹೋದ ವರ್ಷವಷ್ಟೇ ಮಂಡಿ ಆಪರೇಷನ್ ಆಗಿದೆ. ‘ಹೊರಡುವಾಗ ಇಂಥ ಮಾತಾ? ಅಸ್ತು ದೇವತೆಗಳು ಓಡಾಡ್ತಿರ್ತಾರೆ’ ಅಂದವರು ಎರಡು ದಿನದಿಂದ ಮಗು ಹತ್ತಿರ ಸರಿಯಾಗಿ ಮಾತಾಡಿಲ್ಲ. ಹೇಗೆ ಬಿಡಿಸಿ ಹೇಳಲಿ?

ಸುಂಟಿಕೊಪ್ಪ, ಈಗ ಮೆಲ್ಬರ್ನ್:
ಅದು ನಾಟಕದವರ ಹಾರೈಕೆ. ರಂಗ ಹತ್ತುವ ಮುಂಚೆ ‘ಗುಡ್ ಲಕ್’ ಅಂದರೆ ಅಪಶಕುನ ಅಂತ ಅವರ ನಂಬಿಕೆ. ಅದಕ್ಕೇ ಉಲ್ಟಾ ಹೇಳುತ್ತಾರೆ. ಇಟಲಿಯ ಒಪೆರಾ ಹಾಡುಗಾರರದ್ದು ‘ತೋಳದ ಬಾಯಿಗೆ’. ಜರ್ಮನರಂತೂ ಕತ್ತು, ಕಾಲು ಎರಡೂ ಮುರಿಯಲಿ ಅನ್ನುತ್ತಾರೆ! ಅತ್ತೆಗೆ ದೃಷ್ಟಿಬೊಟ್ಟಿನ ಲೆಕ್ಕದಲ್ಲಿ ಹೇಳಿ. ಚೆಂದದ ಕೆನ್ನೆಗೆ ನಾವೇ ಮಸಿ ಇಡುವುದಿಲ್ವಾ, ಹಾಗೆ. ಮಗಳಿಗೂ ಹೇಳಿಡಿ: ಹಾಡು, ನಾಟಕಕ್ಕೆ ಸರಿ, ಆಸ್ಪತ್ರೆಗೆ ಹೊರಟವರಿಗೆ ಬೇಡ.

ಕುಶಾಲನಗರ, ಈಗ ದುಬೈ:
ಲಿಂಕನ್‌ಗೆ ಗುಂಡು ಹೊಡೆದ ನಟ ಬೂತ್ ರಂಗದ ಮೇಲೆ ಹಾರಿ ಕಾಲು ಮುರಿದುಕೊಂಡನಲ್ಲ, 1865ರಲ್ಲಿ. ಅಲ್ಲಿಂದ ಬಂದದ್ದು.

ಸುಂಟಿಕೊಪ್ಪ, ಈಗ ಮೆಲ್ಬರ್ನ್:
ಕಥೆ ಚೆನ್ನಾಗಿದೆ. ಆದರೆ ಈ ಹಾರೈಕೆ ಅಚ್ಚಿನಲ್ಲಿ ಸಿಗುವುದು 1920ರ ದಶಕದಿಂದೀಚೆಗೆ. ಅಲ್ಲಿವರೆಗೆ ಎಲ್ಲಿತ್ತು?

ವಿರಾಜಪೇಟೆ, ಈಗ ನ್ಯೂಜೆರ್ಸಿ:
ಇದೆಲ್ಲ ಯಾಕೆ? ತಪ್ಪು ಅಪ್ಪ ಅಮ್ಮಂದು. ಮನೆಯಲ್ಲಿ ಕನ್ನಡ ಇದ್ದಿದ್ದರೆ ಮಗು ‘ಚೆನ್ನಾಗಿ ಹಾಡಿ ಬನ್ನಿ ಅಜ್ಜಿ’ ಅನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ಇಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದೇನೆ: ಊಟಕ್ಕೆ ಕೂತಾಗ ಇಂಗ್ಲಿಷ್ ಬಂದ್! ನನ್ನ ಮಕ್ಕಳು ಹುತ್ತರಿಗೆ ‘ಪೊಲಿ ಪೊಲಿ ದೇವಾ’ ಅಂತ ಕೂಗುವುದನ್ನು ಕೇಳಬೇಕು ನೀವು.

ಮಡಿಕೇರಿ, ಈಗ ಎಡಿಸನ್:
ಅಂಕಲ್, ನಿಮ್ಮ ಮಗ ನನ್ನ ಹತ್ತಿರ ಇವತ್ತಿನವರೆಗೆ ಆಡಿದ ಕನ್ನಡ ‘ಊಟ ಆಯ್ತಾ’ ಒಂದೇ.

ವಿರಾಜಪೇಟೆ, ಈಗ ನ್ಯೂಜೆರ್ಸಿ:
ವಿಷಯ ತಿರುಗಿಸಬೇಡಿ.

ಗೋಣಿಕೊಪ್ಪ, ಈಗ ಟೊರಾಂಟೊ:
ನಮ್ಮಮ್ಮ ಹೋದಾಗ ನಾನು ವಿಮಾನದಲ್ಲಿದ್ದೆ. ನನ್ನ ಮಗನಿಗೆ ಅಜ್ಜಿಯ ದನಿಯೂ ನೆನಪಿಲ್ಲ. ನಿಮ್ಮ ಮಗಳ ಮೇಲೆ ಮುನಿಸಿಕೊಳ್ಳಲು ಎದುರಿಗೆ ಒಬ್ಬರಿದ್ದಾರಲ್ಲ.

ಸೋಮವಾರಪೇಟೆ, ಈಗ ಮ್ಯಾಂಚೆಸ್ಟರ್:
ದೃಷ್ಟಿಬೊಟ್ಟಿನ ಮಾತು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಕ್ಕೆ ಕಾಲೇ ಬೇಕಿತ್ತಾ?’ ಅಂದರು. ರಾತ್ರಿ ಮಗು ತಟ್ಟೆಗೆ ಮಾತ್ರ ಒಂದು ಕಡಂಬುಟ್ಟು ಜಾಸ್ತಿ ಬಿತ್ತು.

ವಿರಾಜಪೇಟೆ, ಈಗ ನ್ಯೂಜೆರ್ಸಿ:
ಸಂತೋಷ. ಊಟಕ್ಕೆ ಕೂತಾಗ ಮಗು ಮಾತಾಡಿದ್ದು ಯಾವ ಭಾಷೆ?