ತಂಗಿಯ ಕುತ್ತಿಗೆ ಗಂಟು ಟಿಬಿ ಅಂತೆ, ಮನೆಯವರಿಗೆ ಹರಡುತ್ತಾ?

ಪ್ರಶ್ನೆ (ಸಕಲೇಶಪುರ):
ತಂಗಿಗೆ ದವಡೆ ಕೆಳಗೆ ಗಂಟು ಎದ್ದಿದೆ. ಮುಟ್ಟಿದರೆ ನೋವಿಲ್ಲ, ಪಕ್ಕದಲ್ಲಿ ಇನ್ನೆರಡು ಅಂಟಿಕೊಂಡ ಹಾಗಿವೆ. ಸೂಜಿ ಹಾಕಿ ಪರೀಕ್ಷೆ ಮಾಡಿ ಟಿಬಿ ಅಂದರು. ಕೆಮ್ಮಿಲ್ಲ, ಎದೆ ಎಕ್ಸ್‌ರೇ ಸರಿಯಾಗಿದೆ. ಮನೆಯಲ್ಲಿ ಚಿಕ್ಕ ಮಗು ಇದೆ, ತಟ್ಟೆ ಲೋಟ ಬೇರೆ ಇಡಬೇಕಾ?

ಉತ್ತರ (ಹಾಸನ):
ಬೇಡ, ದಯವಿಟ್ಟು ಅವರನ್ನು ದೂರ ಕೂರಿಸಬೇಡಿ. ಟಿಬಿ ಹರಡುವುದು ಶ್ವಾಸಕೋಶದಲ್ಲಿದ್ದಾಗ, ಕೆಮ್ಮಿದ ಗಾಳಿಯಿಂದ. ಬರೀ ಗಂಟಿನಲ್ಲಿದ್ದರೆ ಸಾಮಾನ್ಯವಾಗಿ ಹರಡಲ್ಲ, ತಟ್ಟೆಯಿಂದಂತೂ ಇಲ್ಲವೇ ಇಲ್ಲ. ಆದರೂ ಮಗುವನ್ನು ಒಮ್ಮೆ ತೋರಿಸಿಬಿಡಿ.

ಉತ್ತರ (ಬೇಲೂರು):
ನಮ್ಮ ಅತ್ತಿಗೆಗೂ ಇದೇ ಆಗಿತ್ತು. ಸಾಮಾನ್ಯವಾಗಿ 6 ತಿಂಗಳ ಔಷಧ, ಮೊದಲ 2 ತಿಂಗಳು ನಾಲ್ಕು ಬಗೆ, ಆಮೇಲೆ ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಅದು ರಿಫಾಂಪಿಸಿನ್ ಮಾತ್ರೆಯಿಂದ, ಗಾಬರಿ ಬೇಡ. ಆದರೆ ಕಣ್ಣು ಮಂಜಾದರೆ ಅಥವಾ ಹಳದಿಯಾದರೆ ತಕ್ಷಣ ಡಾಕ್ಟರಿಗೆ ಹೇಳಿ. ಮಧ್ಯದಲ್ಲಿ ಗಂಟು ಇನ್ನೂ ದಪ್ಪ ಆಗಬಹುದು, ಔಷಧ ಕೆಲಸ ಮಾಡ್ತಿದ್ದರೂ ಹಾಗಾಗುತ್ತೆ, ತೋರಿಸಿ, ಆದರೆ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.

ಉತ್ತರ (ಅರಸೀಕೆರೆ):
ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಅಲ್ಲೇ ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ನೋಂದಣಿ) ಹೆಸರು ಬರೆಸಿ, ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಬ್ಯಾಂಕ್ ಪಾಸ್‌ಬುಕ್, ಆಧಾರ್ ತಗೊಂಡು ಹೋಗಿ.