ಪೇಪರ್ ಚಾರ್ಟ್ ಬಿಟ್ಟು ಕಂಪ್ಯೂಟರ್‌ಗೆ ಹೋದರೆ ರೋಗಿಗೆ ಏನು ಲಾಭ?

ಪ್ರಶ್ನೆ:
ನಮ್ಮ ವಾರ್ಡಿಗೆ ಎಲೆಕ್ಟ್ರಾನಿಕ್ ರೆಕಾರ್ಡ್ ಬರುತ್ತಿದೆ. ಬಿಪಿ, ಜ್ವರ ಎಲ್ಲಾ ಟೈಪ್ ಮಾಡುತ್ತಾ ಕೂತರೆ ರೋಗಿಯನ್ನು ನೋಡುವವರು ಯಾರು? ಬಳಸಿದವರು ಹೇಳಿ.

ಉತ್ತರ – ಇಂಗ್ಲೆಂಡ್‌ನಲ್ಲಿ ವಾರ್ಡ್ ನರ್ಸ್, ಊರು ಉಡುಪಿ:
ನಿಮ್ಮ ಚಿಂತೆ ಸರಿ. ಆದರೆ ನಾವಿಲ್ಲಿ ದಿನವೂ ಬಳಸುವ ನ್ಯೂಸ್ 2 ಸ್ಕೋರ್ ನೋಡಿ. ರೋಗಿ ಹದಗೆಡುತ್ತಿದ್ದಾನಾ ಅಂತ ಮೊದಲೇ ಎಚ್ಚರಿಸುವ ಅಂಕಪಟ್ಟಿ ಅದು. ಉಸಿರಾಟ ನಿಮಿಷಕ್ಕೆ 22 ಇದ್ದರೆ 2 ಅಂಕ. ನಾಡಿ 112 ಇದ್ದರೆ 2. ಜ್ವರ 38.4 ಡಿಗ್ರಿ ಸೆಲ್ಸಿಯಸ್ ಇದ್ದರೆ 1. ಬಿಡಿಬಿಡಿಯಾಗಿ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ, ಅಲ್ವಾ? ಕೂಡಿದರೆ 5. ಅಂದರೆ ಡಾಕ್ಟರನ್ನು ತಕ್ಷಣ ಕರೆಯಬೇಕು, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೇ ಹಾನಿಯಾಗುವ ಅಪಾಯದ ಸ್ಥಿತಿ) ಇರಬಹುದಾ ಅಂತ ಯೋಚಿಸಬೇಕು. ರಾತ್ರಿ ಮೂರು ಗಂಟೆಗೆ, ದಣಿದ ತಲೆಯಲ್ಲಿ ಈ ಲೆಕ್ಕ ತಪ್ಪುವುದು ಸುಲಭ. ಸಿಸ್ಟಮ್ ತಾನೇ ಕೂಡಿ ಎದ್ದು ಕಾಣುವಂತೆ ತೋರಿಸುತ್ತದೆ. ಮಂಚದ ಪಕ್ಕದಲ್ಲೇ ಟ್ಯಾಬ್‌ನಲ್ಲಿ ಹಾಕಿದರೆ, ನರ್ಸಿಂಗ್ ಸ್ಟೇಷನ್‌ಗೆ ಬಂದು ಮತ್ತೆ ಬರೆಯುವ ಕೆಲಸ ತಪ್ಪುತ್ತದೆ.

ಒಂದು ಮಾತು ಮಾತ್ರ ಕೈಮುಗಿದು ಹೇಳುತ್ತೇನೆ. ಉಸಿರಾಟವನ್ನು ಪೂರ್ತಿ ನಿಮಿಷ ಎಣಿಸಿ. ಸುಮ್ನೆ 18 ಅಂತ ತುಂಬಿದರೆ ಸ್ಕೋರ್ ಸೊನ್ನೆ ತೋರಿಸುತ್ತದೆ, ರೋಗಿ ಕುಸಿಯುತ್ತಿರುತ್ತಾನೆ.

ಉತ್ತರ – ಐಸಿಯು ನರ್ಸ್, ಬೆಂಗಳೂರು:
ಔಷಧಿಯಲ್ಲೂ ಲಾಭ ಇದೆ. ಕೈಪಟ್ಟಿ ಸ್ಕ್ಯಾನ್, ಆಮೇಲೆ ಮಾತ್ರೆ ಸ್ಕ್ಯಾನ್. ರೋಗಿ ಬೇರೆ ಆದರೆ ಅಲ್ಲೇ ತಡೆಯುತ್ತದೆ. ಆದರೆ ಅಲರ್ಟ್ ಜಾಸ್ತಿಯಾದರೆ ಎಲ್ಲರೂ ಓದದೇ ಒತ್ತಿಬಿಡುತ್ತಾರೆ. ಯಾವುದು ಬೇಕು ಅಂತ ತೀರ್ಮಾನಿಸುವಾಗ ನರ್ಸ್‌ಗಳು ಕೂತಿರಲೇಬೇಕು.

ಪ್ರಶ್ನೆ ಕೇಳಿದವರು:
ಸರ್ವರ್ ನಿಂತರೆ?

ಉಡುಪಿಯವರು:
ಪೇಪರ್ ಫಾರ್ಮ್ ವಾರ್ಡಿನಲ್ಲೇ ಇಟ್ಟಿರುತ್ತೇವೆ. ಸರಿಯಾದ ಮೇಲೆ ಯಾರು ಅದನ್ನೆಲ್ಲ ಒಳಗೆ ಹಾಕಬೇಕು ಅನ್ನುವುದನ್ನು ಈಗಲೇ ಕೇಳಿ ಬರೆಸಿಕೊಳ್ಳಿ.